ದೇಶ ದೇಶಗಳ ಆಯಸ್ಸಿನ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿನಲ್ಲಿ 84, ಅಮೆರಿಕದಲ್ಲಿ 78, ನಮ್ಮಲ್ಲಿ 70. ವರ್ಷಕ್ಕೊಮ್ಮೆಯಾದರೂ ಪತ್ರಿಕೆಗಳಲ್ಲಿ ಇಂಥದೊಂದು ಪಟ್ಟಿ ಬರುತ್ತದೆ. ಬಂದ ಮರುದಿನ ಕಾಲೇಜಿನಲ್ಲೋ, ಮದುವೆ ಮನೆಯ ಊಟದ ಪಂಕ್ತಿಯಲ್ಲೋ ಯಾರಾದರೊಬ್ಬರು ನನ್ನನ್ನು ಹಿಡಿದು ಕೇಳುತ್ತಾರೆ. ಸಂಖ್ಯಾಶಾಸ್ತ್ರ ಪಾಠ ಮಾಡುವವನು ಎಂದು ಗೊತ್ತಿರುವುದರಿಂದ ಬಿಡುವುದಿಲ್ಲ. ಹೆಚ್ಚು ಸಲ ಬಂದ ಪ್ರಶ್ನೆಗಳನ್ನೂ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಒಟ್ಟುಮಾಡಿದ್ದೇನೆ.

ಭಾರತದ ಸರಾಸರಿ ಆಯಸ್ಸು 70 ಅಂದರೆ ನನಗೆ 70ಕ್ಕೆ ಮುಗಿಯಿತು ಎಂದೇ?

ಖಂಡಿತ ಅಲ್ಲ. ಈ ಭಯವನ್ನೇ ಮೊದಲು ತೆಗೆಯಬೇಕು. ಅದು ಭವಿಷ್ಯವಾಣಿ ಅಲ್ಲ, ಒಂದು ವರ್ಷದ ಸಾವುಗಳ ಲೆಕ್ಕ.

ಲೆಕ್ಕ ಹಾಕುವುದು ಹೀಗೆ. ಈ ವರ್ಷ ದೇಶದಲ್ಲಿ ಒಂದು ವರ್ಷದೊಳಗಿನ ಕೂಸುಗಳಲ್ಲಿ ಸಾವಿರಕ್ಕೆ ಎಷ್ಟು ತೀರಿಕೊಂಡವು, ಹತ್ತು ವರ್ಷದವರಲ್ಲಿ ಎಷ್ಟು, ನಲವತ್ತರವರಲ್ಲಿ ಎಷ್ಟು, ಎಂಬತ್ತರವರಲ್ಲಿ ಎಷ್ಟು ಎಂದು ಮೊದಲು ಪ್ರತಿ ವಯಸ್ಸಿಗೂ ಒಂದು ದರ ಕಂಡುಕೊಳ್ಳುತ್ತಾರೆ. ಆಮೇಲೆ ಕಾಗದದ ಮೇಲೆ ಒಂದು ಲಕ್ಷ ಕೂಸುಗಳನ್ನು ಹುಟ್ಟಿಸಿ, ಆ ದರಗಳನ್ನೆಲ್ಲ ವಯಸ್ಸಿನ ಕ್ರಮದಲ್ಲಿ ಅವುಗಳಿಗೆ ಅನ್ವಯಿಸುತ್ತಾ ಹೋಗುತ್ತಾರೆ. ಕೊನೆಯವರೂ ತೀರಿಕೊಳ್ಳುವ ಹೊತ್ತಿಗೆ ಎಲ್ಲರೂ ಸೇರಿ ಎಷ್ಟು ವರ್ಷ ಬದುಕಿದರು ಎಂದು ಕೂಡಿ, ಲಕ್ಷದಿಂದ ಭಾಗಿಸಿದರೆ ಬರುವುದೇ ಜನನ ಕಾಲದ ನಿರೀಕ್ಷಿತ ಜೀವಿತಾವಧಿ. ನಮ್ಮ ಮಾತಿನಲ್ಲಿ ಸರಾಸರಿ ಆಯಸ್ಸು. ಈ ತಖ್ತೆಗೆ ಜೀವಿತ ಕೋಷ್ಟಕ ಎನ್ನುತ್ತಾರೆ. ಧೂಮಕೇತುವಿಗೆ ಹೆಸರು ಕೊಟ್ಟ ಎಡ್ಮಂಡ್ ಹ್ಯಾಲಿ 1693ರಲ್ಲೇ ಬ್ರೆಸ್ಲಾವ್ ಪಟ್ಟಣದ ಸಾವಿನ ದಾಖಲೆಗಳಿಂದ ಇಂಥದೊಂದನ್ನು ಕಟ್ಟಿದ್ದ.

ಇಲ್ಲಿ ಒಂದು ಸೂಕ್ಷ್ಮ ಇದೆ. ಇವತ್ತು ದಾವಣಗೆರೆಯಲ್ಲಿ ಹುಟ್ಟಿದ ಮಗುವಿಗೆ 60 ತುಂಬುವುದು 2080ರ ದಶಕದಲ್ಲಿ. ಆದರೆ ಲೆಕ್ಕದಲ್ಲಿ ಅದರ ಅರವತ್ತನೇ ವರ್ಷಕ್ಕೆ ಬಳಸುವುದು ಇವತ್ತಿನ ಅರವತ್ತರವರ ಸಾವಿನ ದರವನ್ನು. ನಡುವೆ ಬರುವ ಔಷಧಿ, ಆಸ್ಪತ್ರೆ, ಕಾಯಿಲೆ ಯಾವುದೂ ಅದರಲ್ಲಿಲ್ಲ. ರುವಾಂಡಾದಲ್ಲಿ 1994ರಲ್ಲಿ ನರಮೇಧ ನಡೆದಾಗ ಆ ಒಂದು ವರ್ಷದ ಸರಾಸರಿ ಆಯಸ್ಸು ವಿಶ್ವಸಂಸ್ಥೆಯ ಈಚಿನ ಲೆಕ್ಕದಲ್ಲಿ 20ಕ್ಕಿಂತ ಕೆಳಗಿದೆ. ಆ ವರ್ಷ ಹುಟ್ಟಿ ಉಳಿದ ಮಕ್ಕಳು ಈಗ ಮೂವತ್ತು ದಾಟಿ ಸಂಸಾರ ಮಾಡುತ್ತಿದ್ದಾರೆ. ಅಂಕಿ ಹೇಳಿದ್ದು ಆ ವರ್ಷ ನಡೆದ ಘೋರವನ್ನು, ಆ ಮಕ್ಕಳ ಹಣೆಬರಹವನ್ನಲ್ಲ.

ಹಾಗಾದರೆ ಹಿಂದಿನ ಕಾಲದಲ್ಲಿ ನಲವತ್ತು ಐವತ್ತಕ್ಕೇ ಜನ ಮುದುಕರಾಗಿ ಸಾಯುತ್ತಿದ್ದರು ಅನ್ನುವುದು?

ಇದು ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ. ಒಂದು ಊರಿನಲ್ಲಿ ಹತ್ತು ಮಕ್ಕಳು ಹುಟ್ಟಿದವು ಎನ್ನಿ. ಮೂರು ಕೂಸುಗಳು ಬಾಣಂತಿ ಕೋಣೆಯಲ್ಲೇ ತೀರಿಕೊಂಡವು. ಉಳಿದ ಏಳೂ ಮಂದಿ ಸರಿಯಾಗಿ 70 ವರ್ಷ ಬಾಳಿದರು. ಒಟ್ಟು 490 ವರ್ಷ, ಹತ್ತರಿಂದ ಭಾಗಿಸಿದರೆ 49. ಆ ಊರಿನಲ್ಲಿ 49ಕ್ಕೆ ಸತ್ತವರು ಒಬ್ಬರೂ ಇಲ್ಲ.

ಭಾರತದ ಸರಾಸರಿ 1970-75ರಲ್ಲಿ 49.7 ಇತ್ತು. 1971ರಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ಮೊದಲ ಹುಟ್ಟುಹಬ್ಬ ಕಾಣಲಿಲ್ಲ. 2023ರ ಹೊತ್ತಿಗೆ ಅದು 25ಕ್ಕೆ ಇಳಿದಿದೆ. ಆಯಸ್ಸು ಏರಿದ್ದರಲ್ಲಿ ದೊಡ್ಡ ಪಾಲು ಮುದುಕರ ಆಯಸ್ಸು ಉದ್ದವಾದದ್ದರಿಂದ ಬಂದದ್ದಲ್ಲ, ಮಕ್ಕಳು ಉಳಿದದ್ದರಿಂದ ಬಂದದ್ದು. ನಮ್ಮ ಅಜ್ಜಿ ಎಂಟು ಹೆತ್ತು ಐದನ್ನು ಉಳಿಸಿಕೊಂಡವರು. "ನಿಮಗೆ ಮಕ್ಕಳೆಷ್ಟಮ್ಮ" ಎಂದು ಕೇಳಿದವರಿಗೆ "ಇರೋದು ಐದು" ಎಂದೇ ಉತ್ತರ ಕೊಡುತ್ತಿದ್ದರು. ಆ ಕಾಲದ ಹೆಂಗಸರ ಮಾತಿನಲ್ಲಿ 'ಹೆತ್ತದ್ದು' ಬೇರೆ, 'ಇರೋದು' ಬೇರೆ. ಜೀವಿತ ಕೋಷ್ಟಕದ ಮೊದಲ ಸಾಲು ಅದೇ.

ಹಿಂದೆ ವಯಸ್ಸಾದವರೇ ಇರಲಿಲ್ಲ ಎನ್ನುವುದಾದರೆ ಷಷ್ಟ್ಯಬ್ದಿ, ಎಪ್ಪತ್ತರ ಭೀಮರಥ ಶಾಂತಿ, ಎಂಬತ್ತು ದಾಟಿದವರಿಗೆ ಸಹಸ್ರ ಚಂದ್ರ ದರ್ಶನ ಇವೆಲ್ಲ ಯಾರಿಗಾಗಿ ಹುಟ್ಟಿಕೊಂಡವು? 'ಅರವತ್ತಕ್ಕೆ ಅರಳು ಮರಳು' ಎಂಬ ಮಾತು ಬರಬೇಕಾದರೆ ಅರವತ್ತು ದಾಟಿದವರು ಮನೆಮನೆಯಲ್ಲಿ ಕಾಣುತ್ತಿರಬೇಕು. ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ್ದು ದೇಶದ ಸರಾಸರಿ ಆಯಸ್ಸು 25ರ ಆಸುಪಾಸು ಇದ್ದ ಕಾಲದಲ್ಲಿ. ಅವರು ನೂರು ದಾಟಿ 1962ರಲ್ಲಿ ತೀರಿಕೊಂಡರು. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 1907ರಲ್ಲಿ ಹುಟ್ಟಿದವರು. ಅವರ ಬಾಲ್ಯದ ದಶಕದಲ್ಲೇ 1918ರ ಇನ್‌ಫ್ಲುಯೆಂಜಾ ಬಂದು, 1911-21ರ ಭಾರತದ ಸರಾಸರಿ 20ರ ಸುತ್ತಮುತ್ತ ಬಿದ್ದಿತ್ತು. ಸ್ವಾಮೀಜಿ 2019ರವರೆಗೆ ಇದ್ದರು.

ಅರವತ್ತು ದಾಟಿದವರು ಯಾವ ಅಂಕಿ ನೋಡಬೇಕು?

ಜನನ ಕಾಲದ ಅಂಕಿ ನಿಮ್ಮದಲ್ಲ. ಬಾಲ್ಯದ, ಯೌವನದ ಗಂಡಾಂತರಗಳನ್ನು ನೀವಾಗಲೇ ದಾಟಿಬಂದಿದ್ದೀರಿ. ಅದೇ ಕೋಷ್ಟಕದಲ್ಲಿ 60ರ ಸಾಲು ನೋಡಿ. ಭಾರತದಲ್ಲಿ ಅರವತ್ತು ತುಂಬಿದವರಿಗೆ ಸರಾಸರಿ ಇನ್ನೂ 18 ವರ್ಷದಷ್ಟು ಬಾಳು ಇದೆ, ಅಂದರೆ 78. ಜಪಾನಿನಲ್ಲಿ 65 ತುಂಬಿದ ಹೆಂಗಸಿಗೆ ಇನ್ನೂ 24 ವರ್ಷ, ಗಂಡಸಿಗೆ 19 ಚಿಲ್ಲರೆ. ಪಿಂಚಣಿ, ಉಳಿತಾಯದ ಲೆಕ್ಕ ಹಾಕುವವರು 70ನ್ನು ಗೆರೆಯಾಗಿ ಇಟ್ಟುಕೊಂಡರೆ ಕೊನೆಯ ವರ್ಷಗಳಲ್ಲಿ ಕೈ ಖಾಲಿಯಾಗುತ್ತದೆ. ನನ್ನ ಪರಿಚಯದವರೊಬ್ಬರು ಹಾಗೆಯೇ ಮಾಡಿಕೊಂಡು ಈಗ ಕಷ್ಟದಲ್ಲಿದ್ದಾರೆ. ಅದಕ್ಕೇ ಈ ಪ್ರಶ್ನೆಗೆ ಉತ್ತರ ಹೇಳುವುದನ್ನು ನಾನು ಯಾವತ್ತೂ ತಪ್ಪಿಸುವುದಿಲ್ಲ.

ಒಂದೇ ದೇಶಕ್ಕೆ ಒಂದೊಂದು ಕಡೆ ಒಂದೊಂದು ಅಂಕಿ ಇರುತ್ತದಲ್ಲ, ಯಾವುದು ಸರಿ?

2021ರ ಭಾರತವನ್ನೇ ತೆಗೆದುಕೊಳ್ಳಿ. ವಿಶ್ವಸಂಸ್ಥೆಯ ಜನಸಂಖ್ಯಾ ವಿಭಾಗ 67 ಚಿಲ್ಲರೆ ಎನ್ನುತ್ತದೆ. ನಮ್ಮದೇ ರಿಜಿಸ್ಟ್ರಾರ್ ಜನರಲ್ ಕಚೇರಿಯ ಕೋಷ್ಟಕದಲ್ಲಿ 69.8 ಇದೆ. ಎರಡನ್ನೂ ಮುಂದಿಟ್ಟುಕೊಂಡು ಜಗಳವಾಡುವವರನ್ನು ನೋಡಿದ್ದೇನೆ. ನಮ್ಮದು 2017ರಿಂದ 2021ರವರೆಗಿನ ಐದು ವರ್ಷಗಳ ಸರಾಸರಿ, ವಿಶ್ವಸಂಸ್ಥೆಯದು ಕೋವಿಡ್‌ನ ಎರಡನೇ ಅಲೆ ಬಂದ ಆ ಒಂದೇ ವರ್ಷದ್ದು. ಐದು ವರ್ಷಕ್ಕೆ ಹರಡಿದಾಗ ಆ ವರ್ಷದ ಪೆಟ್ಟು ಮಂದವಾಗುತ್ತದೆ.

ಇನ್ನೊಂದು ಕಾರಣವೂ ಇದೆ. ಕೋವಿಡ್‌ನ ಆ ಎರಡು ವರ್ಷಗಳಲ್ಲಿ ಭಾರತದಲ್ಲಿ ಸಾಮಾನ್ಯಕ್ಕಿಂತ ಸುಮಾರು 47 ಲಕ್ಷ ಹೆಚ್ಚು ಜನ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಸರ್ಕಾರ ಕೋವಿಡ್ ಸಾವು ಎಂದು ದಾಖಲಿಸಿದ್ದು ಸುಮಾರು 4.8 ಲಕ್ಷ. ಆ ಅಂದಾಜನ್ನು ಸರ್ಕಾರ ಒಪ್ಪಲಿಲ್ಲ. ಸಾವಿನ ಸಂಖ್ಯೆಯ ಬಗ್ಗೆಯೇ ಒಮ್ಮತವಿಲ್ಲದ ವರ್ಷದಲ್ಲಿ ಆಯಸ್ಸಿನ ಅಂಕಿಯಲ್ಲಿ ಒಮ್ಮತ ಎಲ್ಲಿಂದ ಬರಬೇಕು?

ಎರಡು ದೇಶಗಳನ್ನು ಹೋಲಿಸುವಾಗ ಎರಡೂ ಅಂಕಿ ಒಂದೇ ಕಡೆಯಿಂದ, ಒಂದೇ ವರ್ಷಕ್ಕೆ ಸೇರಿದ್ದಾಗಿರಲಿ. ಜಪಾನಿನದನ್ನು ಅವರ ಆರೋಗ್ಯ ಸಚಿವಾಲಯದಿಂದಲೂ ನಮ್ಮದನ್ನು ವಿಶ್ವಸಂಸ್ಥೆಯಿಂದಲೂ ತಂದು ಅಕ್ಕಪಕ್ಕ ಇಡಬಾರದು.

ಈ ಸಾವುಗಳನ್ನು ಎಣಿಸುವವರು ಯಾರು?

ನನಗೆ ಎಲ್ಲಕ್ಕಿಂತ ಇಷ್ಟದ ಪ್ರಶ್ನೆ ಇದು. ಆದ್ದರಿಂದ ಉತ್ತರ ಸ್ವಲ್ಪ ಉದ್ದ.

ಸ್ವೀಡನ್ 1749ರಿಂದಲೇ ಚರ್ಚ್‌ಗಳ ಮೂಲಕ ಇಡೀ ದೇಶದ ಜನನ ಮರಣದ ಲೆಕ್ಕ ಇಡುತ್ತಾ ಬಂದಿದೆ. ಜಪಾನ್, ಪಶ್ಚಿಮ ಯುರೋಪಿನ ದೇಶಗಳಲ್ಲಿ ಒಂದು ಸಾವೂ ದಾಖಲೆ ತಪ್ಪಿಸಿಕೊಳ್ಳುವುದಿಲ್ಲ ಎನ್ನಬಹುದು. ಅಲ್ಲಿ ಆಯಸ್ಸಿನ ಅಂಕಿ ಎಣಿಕೆಯಿಂದ ಬರುತ್ತದೆ. ಆಫ್ರಿಕಾದ ಹಲವು ದೇಶಗಳಲ್ಲಿ ಮರಣ ನೋಂದಣಿ ಅರ್ಧದಷ್ಟೂ ಇಲ್ಲ. ಅಲ್ಲಿ ಮನೆಮನೆ ಸಮೀಕ್ಷೆಯಲ್ಲಿ ಹೆಂಗಸರನ್ನು ಕೂರಿಸಿಕೊಂಡು "ನಿಮಗೆ ಎಷ್ಟು ಮಕ್ಕಳಾದವು, ಎಷ್ಟು ಉಳಿದವು, ನಿಮ್ಮ ಒಡಹುಟ್ಟಿದವರಲ್ಲಿ ಯಾರು ಯಾವ ವಯಸ್ಸಿಗೆ ತೀರಿಕೊಂಡರು" ಎಂದು ಕೇಳಿ, ಸಿಕ್ಕ ಉತ್ತರಗಳನ್ನು ಬೇರೆ ದೇಶಗಳ ಅನುಭವದಿಂದ ಮಾಡಿಟ್ಟ ಮಾದರಿ ಕೋಷ್ಟಕಗಳಿಗೆ ಹೊಂದಿಸಿ ಅಂದಾಜು ಮಾಡುತ್ತಾರೆ. ಪಟ್ಟಿಯಲ್ಲಿ ಮಾತ್ರ ಎರಡೂ ಬಗೆಯ ಅಂಕಿ ಒಂದೇ ಅಚ್ಚಿನಲ್ಲಿ, ಒಂದೇ ದಶಮಾಂಶದೊಂದಿಗೆ ಕಾಣುತ್ತವೆ.

ಭಾರತ ಇವೆರಡರ ನಡುವೆ ಇದೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ನೋಂದಣಿ ತುಂಬಾ ಸುಧಾರಿಸಿದ್ದರೂ ಎಲ್ಲ ರಾಜ್ಯಗಳಲ್ಲೂ ಪೂರ್ತಿಯಾಗಿಲ್ಲ. ಅದಕ್ಕಾಗಿ ಆಯಸ್ಸಿನ ಲೆಕ್ಕಕ್ಕೆ ಮಾದರಿ ನೋಂದಣಿ ವ್ಯವಸ್ಥೆ, ಅಂದರೆ ಎಸ್‌ಆರ್‌ಎಸ್ ಎಂಬ ಬೇರೆ ಏರ್ಪಾಡಿದೆ. ದೇಶದ ಉದ್ದಗಲಕ್ಕೂ ಆರಿಸಿಕೊಂಡ ಸುಮಾರು 8,800 ಹಳ್ಳಿ, ಬಡಾವಣೆಗಳಲ್ಲಿ 80 ಲಕ್ಷಕ್ಕೂ ಹೆಚ್ಚು ಜನರ ಹುಟ್ಟು ಸಾವು ಗಮನಿಸುತ್ತಾರೆ. ಅಲ್ಲೇ ಇರುವ ಅಂಗನವಾಡಿ ಕಾರ್ಯಕರ್ತೆಯೋ ಶಾಲೆ ಮಾಸ್ತರೋ ಆಗಿಂದಾಗ್ಗೆ ಬರೆದಿಡುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಬಂದು ಅವರ ಪುಸ್ತಕ ನೋಡದೆ ತಾವೇ ಮನೆಮನೆ ತಿರುಗಿ ಇನ್ನೊಂದು ಪಟ್ಟಿ ಮಾಡುತ್ತಾರೆ. ಎರಡನ್ನೂ ತಾಳೆ ನೋಡಿ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದನ್ನು ಮತ್ತೆ ಆ ಮನೆಗೇ ಹೋಗಿ ವಿಚಾರಿಸುತ್ತಾರೆ.

ಎರಡು ಪಟ್ಟಿ ಯಾಕೆ ಬೇಕು ಎಂಬುದಕ್ಕೆ ಸೊಗಸಾದ ಗಣಿತ ಇದೆ. ಒಬ್ಬರು 40 ಸಾವು ಬರೆದಿದ್ದಾರೆ, ಇನ್ನೊಬ್ಬರು 36, ಎರಡರಲ್ಲೂ ಇರುವುದು 30 ಎನ್ನಿ. ಎರಡನೆಯವರು ಕಂಡ 36ರಲ್ಲಿ 30ನ್ನು ಮೊದಲನೆಯವರೂ ಕಂಡಿದ್ದಾರೆ, ಅಂದರೆ ಮೊದಲನೆಯವರ ಕಣ್ಣಿಗೆ ಆರರಲ್ಲಿ ಐದು ಬೀಳುತ್ತವೆ. ಅವರಿಗೆ ಸಿಕ್ಕ 40 ಆರರಲ್ಲಿ ಐದು ಪಾಲಾದರೆ ನಿಜವಾದ ಒಟ್ಟು 48. ಇಬ್ಬರ ಪಟ್ಟಿ ಸೇರಿಸಿದರೂ ಸಿಗುವುದು 46. ಹಾಗಾಗಿ ಇಬ್ಬರ ಕಣ್ಣಿಗೂ ಬೀಳದ ಎರಡು ಸಾವುಗಳು ಎಲ್ಲೋ ಇವೆ! ಇದನ್ನು 1949ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಸಿ. ಚಂದ್ರಶೇಖರನ್ ಮತ್ತು ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಕಲ್ಕತ್ತೆಯ ಹತ್ತಿರದ ಸಿಂಗೂರಿನ ದಾಖಲೆಗಳ ಮೇಲೆ ತೋರಿಸಿಕೊಟ್ಟರು. ಜಗತ್ತಿನ ಜನಸಂಖ್ಯಾಶಾಸ್ತ್ರಜ್ಞರು ಇವತ್ತಿಗೂ ಅವರಿಬ್ಬರ ಹೆಸರಲ್ಲೇ ಕರೆಯುವ ಸೂತ್ರ ಅದು. ನಮ್ಮ ಮೈಸೂರು ಸೀಮೆಗೂ ಈ ಚರಿತ್ರೆಯಲ್ಲಿ ಜಾಗ ಇದೆ. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ 1951-52ರಲ್ಲಿ ಇಲ್ಲಿ ಮನೆಮನೆ ಜನಸಂಖ್ಯಾ ಅಧ್ಯಯನ ನಡೆಸಿದವು. ಅದರ ವರದಿಯನ್ನು ವಿಶ್ವಸಂಸ್ಥೆ 1961ರಲ್ಲಿ ಪ್ರಕಟಿಸಿತು.

ವಯಸ್ಸೇ ಸರಿಯಾಗಿ ಗೊತ್ತಿಲ್ಲದಿದ್ದರೆ?

ಅದೂ ದೊಡ್ಡ ತೊಡಕೇ. ನಮ್ಮಲ್ಲಿ ಹಳೆ ತಲೆಮಾರಿನ ಎಷ್ಟೊಂದು ಜನರ ಜನ್ಮದಿನ ಜೂನ್ 1 ಇದೆ ನೋಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಕಿವಿ ಮುಟ್ಟಿಸಿ ನೋಡಿ, ವಯಸ್ಸು ಅಂದಾಜು ಮಾಡಿ ಬರೆದ ತಾರೀಕು ಅದು. ಜನಗಣತಿಯವರು ವಯಸ್ಸು ಕೇಳಿದಾಗ ಐವತ್ತು, ಅರವತ್ತು, ಅರವತ್ತೈದು ಎಂದು ಸೊನ್ನೆಗೋ ಐದಕ್ಕೋ ಒಗ್ಗಿಸಿ ಹೇಳುತ್ತಾರೆ. 59, 61ರಲ್ಲಿ ಜನವೇ ಇಲ್ಲವೇನೋ ಎನ್ನುವಂತೆ ತಖ್ತೆಯಲ್ಲಿ ಹಳ್ಳ, ಅರವತ್ತರಲ್ಲಿ ಗುಡ್ಡ. ಇದನ್ನು ಸಮ ಮಾಡಿದ ಮೇಲೆಯೇ ಲೆಕ್ಕ. ಆದ್ದರಿಂದ ಬಡ ದೇಶಗಳ ಎಂಬತ್ತು ಮೇಲ್ಪಟ್ಟವರ ಸಾವಿನ ದರವನ್ನು ನಾನು ಎಚ್ಚರದಿಂದ ಓದುತ್ತೇನೆ.

ಜಪಾನಿನ ಶತಾಯುಷಿಗಳ ಲೆಕ್ಕವೇ ಸುಳ್ಳಂತೆ, ನಿಜವೇ?

ಅರ್ಧ ನಿಜ. 2010ರಲ್ಲಿ ಟೋಕಿಯೊದ ಅತ್ಯಂತ ಹಿರಿಯ ಗಂಡಸು, 111 ವರ್ಷ ಎಂದು ದಾಖಲೆಯಲ್ಲಿದ್ದವರನ್ನು ಅಭಿನಂದಿಸಲು ಅಧಿಕಾರಿಗಳು ಹೋದಾಗ ಅವರು ತೀರಿಕೊಂಡು ಮೂವತ್ತು ವರ್ಷ ದಾಟಿತ್ತೆಂದು ಗೊತ್ತಾಯಿತು. ಆಮೇಲೆ ಕುಟುಂಬ ನೋಂದಣಿ ಪುಸ್ತಕಗಳನ್ನು ತಡಕಿದರೆ ನೂರು ದಾಟಿದವರೆಂದು ಇದ್ದ 2,30,000ಕ್ಕೂ ಹೆಚ್ಚು ಹೆಸರುಗಳಿಗೆ ಮನುಷ್ಯರೇ ಸಿಗಲಿಲ್ಲ.

ಆದರೆ ಜಪಾನಿನ ಸರಾಸರಿ ಆಯಸ್ಸು ಆ ಪುಸ್ತಕಗಳಿಂದ ಬರುವುದಿಲ್ಲ, ಜನಗಣತಿಯಲ್ಲಿ ನಿಜವಾಗಿ ಸಿಕ್ಕ ಜನರಿಂದ ಬರುತ್ತದೆ. ಅಲ್ಲದೆ ನೂರರ ಮೇಲಿನವರು ಲಕ್ಷ ಜನರಲ್ಲಿ ನೂರಕ್ಕಿಂತ ಕಡಿಮೆ. ಅಲ್ಲಿ ತಪ್ಪಾದರೂ ಸರಾಸರಿ ಕದಲುವುದು ಅತ್ಯಲ್ಪ. 2023ರಲ್ಲಿ ಜಪಾನಿನ ಹೆಂಗಸರ 87.14, ಗಂಡಸರ 81.09 ಎಂಬ ಅಂಕಿಗಳನ್ನು ನಂಬಬಹುದು. ಇಂಥ ಹಳ್ಳಿಯಲ್ಲಿ ಎಲ್ಲರೂ ನೂರು ದಾಟುತ್ತಾರೆ, ಅವರು ತಿನ್ನುವ ಗೆಡ್ಡೆ ನೀವೂ ತಿನ್ನಿ ಎನ್ನುವ ಸುದ್ದಿಗಳನ್ನು ಮಾತ್ರ ನಂಬಬೇಡಿ. ಜನನ ದಾಖಲೆ ದುರ್ಬಲವಾಗಿರುವ ಕಡೆಗಳಲ್ಲಿ ಶತಾಯುಷಿಗಳು ಜಾಸ್ತಿ ಕಾಣುವುದು ಹಳೆಯ ಅನುಭವ.

ಜಪಾನಿನಲ್ಲಿ ವರ್ಷಕ್ಕೆ ಸಾವಿರಕ್ಕೆ 13 ಜನ ಸಾಯುತ್ತಾರೆ, ಭಾರತದಲ್ಲಿ 6 ಚಿಲ್ಲರೆ. ಹಾಗಿದ್ದರೆ ನಾವೇ ವಾಸಿ ಅಲ್ಲವೇ?

ಜಪಾನಿನಲ್ಲಿ ಮುದುಕರು ಹೆಚ್ಚು, ಆದ್ದರಿಂದ ಸಾವೂ ಹೆಚ್ಚು. ವೃದ್ಧಾಶ್ರಮವನ್ನೂ ಹೈಸ್ಕೂಲನ್ನೂ ಹೋಲಿಸಿ ಹೈಸ್ಕೂಲಿನ ಅಡುಗೆಯೇ ಆರೋಗ್ಯಕರ ಎಂದ ಹಾಗಾಯಿತು. ವಯಸ್ಸಿನ ಈ ವ್ಯತ್ಯಾಸವನ್ನು ತೆಗೆದುಹಾಕುವುದೇ ಜೀವಿತ ಕೋಷ್ಟಕದ ದೊಡ್ಡ ಗುಣ. ಅರವತ್ತರವರನ್ನು ಅರವತ್ತರವರ ಜೊತೆಗೇ ಹೋಲಿಸುತ್ತದೆ.

ಕೂಸುಗಳ ಸಾವನ್ನು ಎಲ್ಲ ದೇಶಗಳೂ ಒಂದೇ ರೀತಿ ಎಣಿಸುತ್ತವೆಯೇ?

ಇಲ್ಲ. ಹುಟ್ಟಿದಾಗ ಒಂದು ಉಸಿರಾಡಿದರೂ, ಎದೆ ಒಮ್ಮೆ ಬಡಿದರೂ ಅದು ಜೀವಂತ ಜನನ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ. ಸೋವಿಯತ್ ಒಕ್ಕೂಟದಲ್ಲಿ 28 ವಾರಕ್ಕೆ ಮುಂಚೆ, ಒಂದು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿ ಏಳು ದಿನದೊಳಗೆ ತೀರಿಕೊಂಡ ಕೂಸನ್ನು ಹುಟ್ಟಿದ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ಹುಟ್ಟೇ ಇಲ್ಲದ ಮೇಲೆ ಸಾವೂ ಇಲ್ಲ, ಶಿಶು ಮರಣ ಪ್ರಮಾಣ ತಾನಾಗಿ ಇಳಿಯುತ್ತದೆ. ಇವತ್ತಿಗೂ ಕೆಲವು ದೇಶಗಳು ಅತಿ ಬೇಗ ಹುಟ್ಟಿದ ಕೂಸುಗಳನ್ನು ಸತ್ತು ಹುಟ್ಟಿದವು ಎಂದು ಬರೆಯುತ್ತವೆ. ಶಿಶು ಮರಣ ಸಾವಿರಕ್ಕೆ 3ರ ಬದಲು 4 ಆದರೆ ಆಯಸ್ಸು ಒಂದು ತಿಂಗಳಷ್ಟೇ ಬದಲಾಗುತ್ತದೆ, ಹಾಗಾಗಿ ಆಯಸ್ಸಿನ ಪಟ್ಟಿಗೆ ಇದರಿಂದ ದೊಡ್ಡ ಧಕ್ಕೆ ಇಲ್ಲ. ಶಿಶು ಮರಣದ ಪಟ್ಟಿಯನ್ನೇ ನೋಡುವಾಗ ಮಾತ್ರ ಇದು ಮುಖ್ಯ.

ಅಮೆರಿಕ ಆರೋಗ್ಯಕ್ಕೆ ಅಷ್ಟು ಸುರಿದರೂ ಯಾಕೆ ಹಿಂದೆ?

ಮಗನೋ ಮಗಳೋ ಅಲ್ಲಿರುವ ತಂದೆತಾಯಂದಿರು ಇದನ್ನು ಆತಂಕದಿಂದಲೇ ಕೇಳುತ್ತಾರೆ.

ಅಮೆರಿಕ ತನ್ನ ರಾಷ್ಟ್ರೀಯ ಉತ್ಪನ್ನದ ಸುಮಾರು 17 ಶೇಕಡಾವನ್ನು ಆರೋಗ್ಯಕ್ಕೆ ಖರ್ಚು ಮಾಡುತ್ತದೆ. ಅಷ್ಟು ಖರ್ಚು ಮಾಡುವ ಶ್ರೀಮಂತ ದೇಶ ಇನ್ನೊಂದಿಲ್ಲ. ಅದರ ಸರಾಸರಿ ಆಯಸ್ಸು 2019ರಲ್ಲಿ 78.8 ಇದ್ದದ್ದು 2021ರಲ್ಲಿ 76.4ಕ್ಕೆ ಬಿದ್ದು, 2023ರಲ್ಲಿ 78.4ಕ್ಕೆ ಮರಳಿತು. 2021ರ ಹೊತ್ತಿಗೆ ಚೀನಾ ಅದನ್ನು ದಾಟಿತ್ತು. ಕೋವಿಡ್ ಬರುವ ಮುಂಚೆಯೂ, 2014ರಿಂದ 2017ರ ನಡುವೆ, ಅದು ಇಳಿಮುಖವಾಗಿತ್ತು. ಶ್ರೀಮಂತ ದೇಶವೊಂದರಲ್ಲಿ ಯುದ್ಧವಿಲ್ಲದೆ ಹೀಗಾಗುವುದು ಅಪರೂಪ.

ಕಾರಣ ಗೊತ್ತಾಗಬೇಕಾದರೆ ಯಾವ ವಯಸ್ಸಿನವರು ಸಾಯುತ್ತಿದ್ದಾರೆ ಎಂದು ನೋಡಬೇಕು. 2021ರಿಂದ 2023ರವರೆಗೆ ಮಾದಕ ವಸ್ತುಗಳ ಅತಿಸೇವನೆಯಿಂದ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಬಂದೂಕಿನಿಂದ 2021, 2022ರಲ್ಲಿ ವರ್ಷಕ್ಕೆ ಸುಮಾರು 48,000. ರಸ್ತೆ ಅಪಘಾತದಲ್ಲಿ 40,000 ಮೇಲೆ. ಇವರಲ್ಲಿ ಹೆಚ್ಚಿನವರು ಎಂಬತ್ತರ ಮುದುಕರಲ್ಲ, ಇಪ್ಪತ್ತರಿಂದ ಐವತ್ತರ ಒಳಗಿನವರು. ಎಂಬತ್ತೈದರವರು ತೀರಿಕೊಂಡರೆ ಎಲ್ಲರೂ ಬದುಕಿದ ಒಟ್ಟು ವರ್ಷಗಳಿಂದ ಕಳೆಯುವುದು ಕೆಲವು ವರ್ಷ, ಮೂವತ್ತರವನು ಹೋದರೆ ಐವತ್ತು ವರ್ಷ. ಜೊತೆಗೆ ಬೊಜ್ಜು, ಸಕ್ಕರೆ ಕಾಯಿಲೆ, ವಿಮೆ ಇಲ್ಲದವರ ಪಾಡು. ಎಂಬತ್ತು ದಾಟಿದವರ ವಿಷಯಕ್ಕೆ ಬಂದರೆ ಅಮೆರಿಕದ ಸ್ಥಾನ ಅಷ್ಟು ಕೆಳಗಿಲ್ಲ. ದುಬಾರಿ ಆಸ್ಪತ್ರೆಗಳು ಅಲ್ಲಿ ಕೆಲಸ ಮಾಡುತ್ತವೆ. ಯುವಕರನ್ನು ಕೊಲ್ಲುವುದು ಆಸ್ಪತ್ರೆಯ ಹೊರಗಿನ ಸಂಗತಿಗಳು.

ಅಲ್ಲಿರುವ ನಮ್ಮವರ ಚಿಂತೆ ಮಾಡುವವರಿಗೆ ಇನ್ನೊಂದು ಮಾತು. ಕೋವಿಡ್ ಇದ್ದ 2021ರಲ್ಲೂ ಅಲ್ಲಿನ ಏಷ್ಯಾ ಮೂಲದವರ ಸರಾಸರಿ 83.5 ಇತ್ತು, ಮೂಲನಿವಾಸಿಗಳದ್ದು 65ರ ಸುಮಾರು. ಒಂದೇ ದೇಶದೊಳಗೆ ಹದಿನೆಂಟು ವರ್ಷದ ಅಂತರ. ಓದಿ, ಕೆಲಸ ಹಿಡಿದು, ವಿಮೆ ಮಾಡಿಸಿಕೊಂಡು ಹೋದವರು ಮೊದಲೇ ಜರಡಿ ಹಿಡಿದು ಬಂದವರು ಎಂಬುದನ್ನು ಮರೆಯಬಾರದು.

ಕತಾರ್, ಯುಎಇಗಳಲ್ಲಿ 80ರ ಮೇಲಿದೆ. ಅಷ್ಟು ಬಿಸಿಲಿನಲ್ಲಿ ದುಡಿಯುವ ನಮ್ಮ ಕರಾವಳಿಯ ಹುಡುಗರಿಗೂ ಅದೇ ಆಯಸ್ಸೇ?

ಉಡುಪಿ, ಮಂಗಳೂರು, ಭಟ್ಕಳದ ಕಡೆಯವರು ಕೇಳಿಯೇ ಕೇಳುವ ಪ್ರಶ್ನೆ. ಆ ದೇಶಗಳಲ್ಲಿ ಹತ್ತರಲ್ಲಿ ಎಂಟೊಂಬತ್ತು ಜನ ಹೊರಗಿನಿಂದ ಹೋದವರು. ವೀಸಾ ಸಿಗಬೇಕಾದರೆ ರಕ್ತ, ಎದೆಯ ಎಕ್ಸ್‌ರೇ ಎಲ್ಲ ಪರೀಕ್ಷೆ ಪಾಸಾಗಬೇಕು. ಹಾಗಾಗಿ ಒಳಗೆ ಹೋಗುವವರೇ ಗಟ್ಟಿಮುಟ್ಟಾದವರು. ಕಿಡ್ನಿ ಕೆಟ್ಟರೆ, ಕ್ಯಾನ್ಸರ್ ಬಂದರೆ ಅನೇಕರು ಊರಿಗೆ ಮರಳುತ್ತಾರೆ. ಸಾವು ಇಲ್ಲಿ ದಾಖಲಾಗುತ್ತದೆ, ದುಡಿದ ವರ್ಷಗಳು ಅಲ್ಲಿನ ಲೆಕ್ಕಕ್ಕೆ ಹೋಗುತ್ತವೆ. ಆ 80 ಎಂಬುದು ಅಲ್ಲಿನ ಶಿಬಿರಗಳಲ್ಲಿ ಮಲಗುವ ಕಾರ್ಮಿಕನ ಆಯಸ್ಸನ್ನು ಹೇಳುವುದಿಲ್ಲ.

ಇಡೀ ದೇಶಕ್ಕೆ ಒಂದೇ ಅಂಕಿ ಸಾಕೇ?

2014-18ರ ಎಸ್‌ಆರ್‌ಎಸ್ ಕೋಷ್ಟಕದಲ್ಲಿ ಭಾರತಕ್ಕೆ 69.4, ಕೇರಳಕ್ಕೆ 75.3, ಛತ್ತೀಸ್‌ಗಢಕ್ಕೆ 65.2. ಕರ್ನಾಟಕ ದೇಶದ ಸರಾಸರಿಯ ಮಗ್ಗುಲಲ್ಲೇ, 69ರ ಮೇಲೆ. ಕೇರಳದ ಶಿಶು ಮರಣ 2023ರಲ್ಲಿ ಸಾವಿರಕ್ಕೆ 5, ಅಮೆರಿಕದ್ದು 5.6. ಹೆಣ್ಣುಮಕ್ಕಳ ಓದು, ನಡೆದು ಹೋಗುವಷ್ಟು ಹತ್ತಿರದ ಆರೋಗ್ಯ ಕೇಂದ್ರ, ಹೆರಿಗೆಗೆ ತಪ್ಪದೆ ಆಸ್ಪತ್ರೆ. ಇದಕ್ಕೆ ಅಮೆರಿಕದಷ್ಟು ಹಣ ಬೇಕಾಗಲಿಲ್ಲ. ಶ್ರೀಲಂಕಾ, ಕೋಸ್ಟರಿಕಾಗಳದ್ದೂ ಇದೇ ದಾರಿ.

ಶ್ರೀಮಂತ ದೇಶದೊಳಗೂ ಹೀಗೇ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2008ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊದ ಉದಾಹರಣೆ ಕೊಟ್ಟಿತು. ಬಡವರ ಬಡಾವಣೆ ಕ್ಯಾಲ್ಟನ್‌ನಲ್ಲಿ ಗಂಡಸರ ಸರಾಸರಿ 54, ಕೆಲವೇ ಮೈಲಿ ದೂರದ ಲೆನ್ಜಿಯಲ್ಲಿ 82. ಅದೇ ತಖ್ತೆಯಲ್ಲಿ ಭಾರತದ ಗಂಡಸರಿಗೆ 62 ಇತ್ತು.

ಕಲಬುರಗಿಗೂ ದಕ್ಷಿಣ ಕನ್ನಡಕ್ಕೂ ಬೇರೆ ಬೇರೆ ಅಂಕಿ ಕೊಡಿ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಎಸ್‌ಆರ್‌ಎಸ್ ಮಾದರಿ ರಾಜ್ಯದ ಮಟ್ಟಕ್ಕೆ ಸಾಕಾಗುವಷ್ಟೇ ದೊಡ್ಡದು, ಜಿಲ್ಲೆಗೆ ಇಳಿಸಿದರೆ ನಿಲ್ಲುವುದಿಲ್ಲ. ನಮ್ಮ ಜಿಲ್ಲೆ ಜಿಲ್ಲೆಯ ಅಂತರವನ್ನು ಅಳೆಯಬೇಕಾದರೆ ಪ್ರತಿ ಸಾವೂ ನೋಂದಣಿಯಾಗಬೇಕು. ಇದು ನನ್ನನ್ನು ಬಹಳ ಕಾಡುವ ಕೊರತೆ.

ನಾವು ಜಪಾನಿಗಿಂತ ಎಷ್ಟು ವರ್ಷ ಹಿಂದೆ?

ಯುದ್ಧ ಸೋತು ಸುಟ್ಟುಹೋಗಿದ್ದ 1947ರ ಜಪಾನಿನಲ್ಲಿ ಗಂಡಸರ ಸರಾಸರಿ 50, ಹೆಂಗಸರದ್ದು 54. ಭಾರತ ಆ ಮಟ್ಟಕ್ಕೆ ಬಂದದ್ದು 1976-80ರಲ್ಲಿ. ಆ 52ರಿಂದ 70ಕ್ಕೆ ಏರಲು ಜಪಾನಿಗೆ ಹಿಡಿದದ್ದು ಹದಿನೆಂಟು ವರ್ಷ, 1965ರ ಹೊತ್ತಿಗೆ ಅದು 70 ಮುಟ್ಟಿತ್ತು. ನಮಗೆ ನಲವತ್ತು ವರ್ಷ ಬೇಕಾಯಿತು. ಕ್ಷಯಕ್ಕೆ ಔಷಧಿ, 1961ರಲ್ಲಿ ಎಲ್ಲರಿಗೂ ವಿಮೆ, ಆಮೇಲೆ ಉಪ್ಪು ಕಡಿಮೆ ಮಾಡಿ ರಕ್ತದೊತ್ತಡ ಹಿಡಿತಕ್ಕೆ ತಂದದ್ದು ಜಪಾನ್ ಮಾಡಿದ ಕೆಲಸಗಳು. ಹೋಲಿಕೆ ಮಾಡುವುದಾದರೆ ಇವತ್ತಿನ ಸ್ಥಾನಕ್ಕಿಂತ ಈ ಏರುವ ವೇಗವನ್ನು ಹೋಲಿಸುವುದು ನನಗೆ ಹೆಚ್ಚು ಉಪಯುಕ್ತ ಅನ್ನಿಸುತ್ತದೆ.

ಎಲ್ಲ ಕಡೆ ಹೆಂಗಸರೇ ಹೆಚ್ಚು ಬದುಕುತ್ತಾರೆಯೇ?

ಈಗ ಹೌದು ಎನ್ನಬಹುದು, ಆದರೆ ನಮ್ಮಲ್ಲಿ ಹಾಗಿರಲಿಲ್ಲ. 1970-75ರಲ್ಲಿ ಭಾರತದ ಗಂಡಸರಿಗೆ 50.5, ಹೆಂಗಸರಿಗೆ 49. ಹೆರಿಗೆಯ ಸಾವು, ಹೆಣ್ಣುಕೂಸಿನ ಅಲಕ್ಷ್ಯ ಎರಡೂ ಆ ಅಂಕಿಯಲ್ಲಿವೆ. ಎಂಬತ್ತರ ದಶಕದಲ್ಲಷ್ಟೇ ಹೆಂಗಸರು ಮುಂದಾದರು. ರಷ್ಯಾದ್ದು ಇನ್ನೊಂದು ತುದಿ. ಸೋವಿಯತ್ ಒಕ್ಕೂಟದ ನಾಯಕ ಗೊರ್ಬಚೆವ್ 1985ರಲ್ಲಿ ಮದ್ಯಕ್ಕೆ ಕಡಿವಾಣ ಹಾಕಿದ ಮೇಲೆ ಗಂಡಸರ ಸರಾಸರಿ 1987ರಲ್ಲಿ 65ರ ಹತ್ತಿರ ಬಂತು. ಕಡಿವಾಣ ಸಡಿಲಿ, ಒಕ್ಕೂಟವೂ ಒಡೆದ ಮೇಲೆ 1994ರಲ್ಲಿ 58ಕ್ಕಿಂತ ಕೆಳಗೆ ಕುಸಿಯಿತು. ಏಳು ವರ್ಷದಲ್ಲಿ ಏಳು ವರ್ಷದ ಆಯಸ್ಸು ಹೋಯಿತು.

ಹೆಚ್ಚು ವರ್ಷ ಅಂದರೆ ಹೆಚ್ಚು ಆರೋಗ್ಯವೇ?

ಅದಕ್ಕೆ ಆರೋಗ್ಯವಂತ ಜೀವಿತಾವಧಿ ಎಂಬ ಬೇರೆ ಅಂಕಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಲೆಕ್ಕದಲ್ಲಿ ಭಾರತಕ್ಕೆ ಒಟ್ಟು 70.8, ಆರೋಗ್ಯದಿಂದ ಕಳೆಯುವುದು 60.3. ಜಪಾನಿಗೆ 84.3 ಮತ್ತು 74.1. ಎರಡೂ ಕಡೆ ಸುಮಾರು ಹತ್ತು ವರ್ಷ ಕಾಯಿಲೆ ಕಸಾಲೆಗೆ ಹೋಗುತ್ತದೆ.

ಪಟ್ಟಿಯಲ್ಲಿ ಎರಡು ಸ್ಥಾನ ಇಳಿದೆವು ಎಂದು ಬೇಸರಪಡಬೇಕೇ?

ಬೇಡ. ಅರ್ಧ ವರ್ಷಕ್ಕಿಂತ ಕಡಿಮೆ ಅಂತರಕ್ಕೆ ನಾನು ಬೆಲೆ ಕೊಡುವುದಿಲ್ಲ. ಮೊದಲ ಸ್ಥಾನದಲ್ಲಿ ಮೊನಾಕೊ ಕಾಣುತ್ತದೆ. ಅಲ್ಲಿರುವುದು ನಲವತ್ತು ಸಾವಿರದೊಳಗಿನ ಜನ, ಹೆಚ್ಚಿನವರು ಹಣವಂತರು. 140 ಕೋಟಿ ಜನರ ದೇಶವನ್ನು ಅದರ ಪಕ್ಕ ಇಟ್ಟು ಏನು ಕಲಿಯುವುದು?

ನಮ್ಮ ಮನೆಯ ಒಂದು ಸಾವು ನೋಂದಣಿಯಾದರೆ ಈ ಲೆಕ್ಕಕ್ಕೆ ಏನಾದರೂ ಉಪಯೋಗವಿದೆಯೇ?

ಇದೆ. 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಅವರೇ ಕಳಿಸುತ್ತಾರೆ, ಮನೆಯಲ್ಲಾದರೆ ನಾವೇ ಹೋಗಬೇಕು. ವೈದ್ಯರು ಕಾರಣ ಬರೆದ ಪತ್ರ ಇದ್ದರೆ ಜೊತೆಗೆ ಕೊಡಿ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢಪಡಿಸಿದ್ದು 22.5 ಶೇಕಡಾ ಮಾತ್ರ. ಉಳಿದವರು ಯಾಕೆ ಸತ್ತರು ಎಂಬುದು ದಾಖಲೆಯಲ್ಲಿಲ್ಲ. ವಯಸ್ಸನ್ನು ದಯವಿಟ್ಟು ಸೊನ್ನೆಗೆ ಒಗ್ಗಿಸಬೇಡಿ.

ನಮ್ಮ ಅಜ್ಜಿ 2016ರಲ್ಲಿ ತೀರಿಕೊಂಡಾಗ ಅರ್ಜಿ ತುಂಬುತ್ತಿದ್ದ ಚಿಕ್ಕಪ್ಪ "ಎಂಬತ್ತು ಅಂತ ಹಾಕ್ಲಾ?" ಎಂದರು. ಅತ್ತೆ ಒಳಗಿನಿಂದ ಬಂದು "ತಡಿಯೋ, ಗಾಂಧೀಜಿ ಹೋದ ವರ್ಷ ಅವ್ವನ ಮದುವೆ, ಆಗ ಹದಿನೈದು ತುಂಬಿತ್ತು ಅಂತ ಅವ್ವನೇ ಹೇಳ್ತಿದ್ರು" ಎಂದರು. 1948ರಿಂದ ಹದಿನೈದು ಹಿಂದೆ, 1933. ಚಿಕ್ಕಪ್ಪ ಬೆರಳು ಮಡಿಸಿ ಎರಡು ಸಲ ಎಣಿಸಿ, 83 ಎಂದು ಬರೆದರು.